ಒಂಬತ್ತು ಮೀಟರಿನ ಲೆಕ್ಕ: ಬಡಾವಣೆಯ ರಸ್ತೆಗೆ ಸಿಗುವ ವಿನಾಯಿತಿಗಳು

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಪುಣೆ ಮತ್ತು ಮುಂಬಯಿಯಿಂದ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ ಸುತ್ತ ಇದ್ದವು. ಬಡಾವಣೆಯ ಒಳರಸ್ತೆ ಎಷ್ಟು ಅಗಲ ಇರಬೇಕು, ಅಷ್ಟು ಇಲ್ಲದ ಕಡೆ ಯಾವ ವಿನಾಯಿತಿ ಸಿಗುತ್ತದೆ, ಸಿಕ್ಕ ವಿನಾಯಿತಿಗೆ ಪ್ರತಿಯಾಗಿ ಏನು ಬಿಟ್ಟುಕೊಡಬೇಕು ಎಂಬುದೇ ಎಲ್ಲರ ಚಿಂತೆ. ಆದ್ದರಿಂದ ಬಾಡಿಗೆ ಮತ್ತು ವಾರಸುದಾರಿಕೆಯ ಪತ್ರಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಇವನ್ನೇ ಒಟ್ಟಿಗೆ ಕೈಗೆತ್ತಿಕೊಂಡಿದ್ದೇನೆ.

ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಹೆಸರುಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೃಹನ್ಮುಂಬಯಿಗೆ ಅನ್ವಯಿಸುವುದು ಡಿಸಿಪಿಆರ್ 2034 ಎಂಬ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ. ಪುಣೆ, ಪಿಂಪ್ರಿ-ಚಿಂಚವಾಡ, ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿ, ಠಾಣೆ, ಡೊಂಬಿವಲಿ ಸೇರಿದಂತೆ ರಾಜ್ಯದ ಬಹುಭಾಗಕ್ಕೆ ಅನ್ವಯಿಸುವುದು 2020ರ ಡಿಸೆಂಬರಿನಲ್ಲಿ ಬಂದ ಏಕೀಕೃತ ನಿಯಮಾವಳಿ. ಇದನ್ನು ಎಲ್ಲರೂ ಯುಡಿಸಿಪಿಆರ್ ಎನ್ನುತ್ತಾರೆ. ಇವೆರಡರ ಹಿಂದೆ ಮಾದರಿಯಾಗಿ ನಿಂತಿರುವುದು ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ. ಎನ್‌ಬಿಸಿ ಹೇಳಿದ್ದು ತಾನಾಗಿಯೇ ಕಾನೂನಾಗುವುದಿಲ್ಲ, ಸ್ಥಳೀಯ ನಿಯಮಾವಳಿ ಅದನ್ನು ಒಪ್ಪಿಕೊಂಡಷ್ಟು ಮಾತ್ರ ನಮಗೆ ಅನ್ವಯ. ಈ ಒಂದು ವ್ಯತ್ಯಾಸವನ್ನು ಮರೆತು ಜಗಳಕ್ಕೆ ಹೋದವರು ಸೋತು ಬಂದದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಪುಣೆಯ ಪಶ್ಚಿಮಕ್ಕೆ, ಪಿರಂಗುಟ್ ಕಡೆಗೆ, ಒಂದು ಎನ್‌ಎ (ಕೃಷಿಯೇತರ) ಪ್ಲಾಟಿಂಗ್ ಯೋಜನೆಯಲ್ಲಿ ಜಾಗ ಕೊಂಡಿದ್ದೇವೆ. ಒಳರಸ್ತೆ 12 ಮೀಟರ್ ಅಗಲ, ಸುಮಾರು 240 ಮೀಟರ್ ಉದ್ದ, ಕೊನೆಯಲ್ಲಿ ಮುಚ್ಚಿದೆ. ಮಂಜೂರಾದ ನಕ್ಷೆಯಲ್ಲಿ 14 ಮತ್ತು 15ನೆಯ ಪ್ಲಾಟುಗಳ ನಡುವೆ ಸಂಖ್ಯೆಯೇ ಇಲ್ಲದ ಒಂದು ಚೌಕ ಕಾಣುತ್ತದೆ. ಈಗ ಡೆವಲಪರ್ ಅದಕ್ಕೆ ತಂತಿಬೇಲಿ ಹಾಕಿ, ಅದು ತನ್ನ ಉಳಿಕೆ ಜಾಗ, ಮುಂದೆ ಮಾರುತ್ತೇನೆ ಎನ್ನುತ್ತಿದ್ದಾನೆ. ಕೇಳಿದರೆ ಇಡೀ ಲೇಔಟಿಗೆ ವಿಶೇಷ ಅನುಮತಿ ಸಿಕ್ಕಿದೆ ಎಂಬ ಉತ್ತರ. ಮಳೆಗಾಲದಲ್ಲಿ ರಸ್ತೆಯ ಕೊನೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಉತ್ತರ: ತಾವು ಮಳೆನೀರಿನ ಮಾತನ್ನು ಪತ್ರದ ಕೊನೆಗೆ ಸೇರಿಸಿದ್ದೀರಿ. ನನ್ನ ಮಟ್ಟಿಗೆ ಅದು ಮೊದಲ ಸಾಲಿನಲ್ಲೇ ಬರಬೇಕಾಗಿತ್ತು. ಕಾರಣವನ್ನು ಮುಂದೆ ಹೇಳುತ್ತೇನೆ.

ಯುಡಿಸಿಪಿಆರ್ ಪ್ರಕಾರ ವಸತಿ ಬಡಾವಣೆಯ ಒಳರಸ್ತೆ 150 ಮೀಟರ್ ಉದ್ದದವರೆಗೆ 9 ಮೀಟರ್ ಅಗಲ ಇದ್ದರೆ ಸಾಕು. 150 ದಾಟಿ 300ರ ಒಳಗಿದ್ದರೆ 12 ಮೀಟರ್ ಬೇಕು. ತಮ್ಮ ರಸ್ತೆ ಅಗಲದ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ವಿನಾಯಿತಿ ಬೇಕಾದದ್ದು ಅಗಲಕ್ಕಲ್ಲ, ರಸ್ತೆ ಕೊನೆಯಲ್ಲಿ ಮುಚ್ಚಿಕೊಂಡಿರುವುದಕ್ಕೆ. ಬಡಾವಣೆಯ ರಸ್ತೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳಬೇಕೆಂಬುದು ಸಾಮಾನ್ಯ ನಿರೀಕ್ಷೆ. ಹಾಗಾಗದ ರಸ್ತೆಗೆ ನಕ್ಷೆ ಬಿಡಿಸುವವರು ಕಲ್-ಡಿ-ಸ್ಯಾಕ್ ಎನ್ನುತ್ತಾರೆ, ನಾವು ನೀವು ಡೆಡ್ ಎಂಡ್ ಎನ್ನುತ್ತೇವೆ. ಅದಕ್ಕೆ ಅವಕಾಶವಿದೆ, ಆದರೆ ಷರತ್ತುಗಳಿವೆ: ವಸತಿ ಪ್ರದೇಶದಲ್ಲಿ ಮಾತ್ರ, ಸಾಮಾನ್ಯವಾಗಿ 150 ಮೀಟರಿನವರೆಗೆ, ಅದನ್ನು ಮೀರಿ ಗರಿಷ್ಠ 275 ಮೀಟರಿನವರೆಗೆ ಎಳೆಯಬೇಕಾದರೆ 150ನೆಯ ಮೀಟರಿನಲ್ಲಿ ವಾಹನ ತಿರುಗಿಸಲು ಒಂದು ಹೆಚ್ಚುವರಿ ಜಾಗ ಕೊಡಬೇಕು, ರಸ್ತೆ ನೇರವಾಗಿರಬೇಕು, ಮತ್ತು ಮುಚ್ಚಿದ ತುದಿಯು ರಸ್ತೆ ಆರಂಭವಾಗುವ ತುದಿಗಿಂತ ಎತ್ತರದಲ್ಲಿರಬೇಕು. ತಿರುಗುವ ಜಾಗ 81 ಚದರ ಮೀಟರಿಗಿಂತ ಕಡಿಮೆ ಇರಬಾರದು, ಅದರ ಯಾವ ಬದಿಯೂ 9 ಮೀಟರಿಗಿಂತ ಕಿರಿದಾಗಬಾರದು. ಎನ್‌ಬಿಸಿಯಲ್ಲೂ ಇದೇ ಮಾತಿದೆ.

ಈಗ ತಮ್ಮ ಸಂಖ್ಯೆ ಇಲ್ಲದ ಚೌಕಕ್ಕೆ ಬನ್ನಿ. ನಕ್ಷೆಯ ಪ್ರತಿಯಲ್ಲಿ ಸ್ಕೇಲ್ ಇಟ್ಟು ನೋಡಿದೆ. ಮುಖ್ಯರಸ್ತೆಯಿಂದ ಅಲ್ಲಿಗೆ ದೂರ ಹೆಚ್ಚುಕಡಿಮೆ 150 ಮೀಟರ್. ಆ ಚೌಕ ಯಾರೋ ಮರೆತು ಬಿಟ್ಟ ಉಳಿಕೆ ಜಾಗವಲ್ಲ. 240 ಮೀಟರಿನ ಡೆಡ್ ಎಂಡ್ ರಸ್ತೆಗೆ ಮಂಜೂರಾತಿ ಸಿಕ್ಕಿದ್ದೇ ಅದು ಅಲ್ಲಿದೆ ಎಂಬ ಆಧಾರದ ಮೇಲೆ. ಡೆವಲಪರ್ ಹೇಳುವ 'ವಿಶೇಷ ಅನುಮತಿ' ಆ ಚೌಕದಲ್ಲೇ ನಿಂತಿದೆ ಎಂದರೂ ಸರಿಯೇ. ಅದನ್ನು ಮಾರಿದ ದಿನ 15ನೆಯ ಪ್ಲಾಟಿನಿಂದಾಚೆಗಿನ ತೊಂಬತ್ತು ಮೀಟರ್ ರಸ್ತೆ ನಿಯಮದ ಹೊರಗೆ ಬೀಳುತ್ತದೆ, ಆ ರಸ್ತೆಗೆ ಮುಖಮಾಡಿದ ಪ್ರತಿ ಪ್ಲಾಟಿನ ಕಟ್ಟಡ ಪರವಾನಗಿಯೂ ತಕರಾರಿಗೆ ಗುರಿಯಾಗುತ್ತದೆ.

ಇನ್ನೊಂದು ಸಂಗತಿ. ಟೇಪ್ ಹಿಡಿದು ಅಳೆದಾಗ ಬೇಲಿಯ ಒಳಗಿನ ಜಾಗ 8 ಮೀಟರ್ ಅಗಲ, 11 ಮೀಟರ್ ಆಳ ಬಂತು ಎಂದು ಬರೆದಿದ್ದೀರಿ. ಎಂಟು ಹನ್ನೊಂದಲ ಎಂಬತ್ತೆಂಟು, ಅಂದರೆ 81ಕ್ಕಿಂತ ಹೆಚ್ಚೇ ಆಯಿತಲ್ಲ ಎಂದು ಡೆವಲಪರ್ ವಾದಿಸಬಹುದು. ವಾದ ನಿಲ್ಲುವುದಿಲ್ಲ. ವಿಸ್ತೀರ್ಣ ಹೆಚ್ಚಿದ್ದರೂ ಒಂದು ಬದಿ 9 ಮೀಟರಿಗೆ ಕಡಿಮೆ ಇದ್ದರೆ ಷರತ್ತು ಪೂರ್ತಿಯಾಗಲಿಲ್ಲ. ಬದಿಯ ಅಳತೆಯನ್ನು ಬೇರೆಯಾಗಿ ಹೇಳಿರುವುದಕ್ಕೆ ಅರ್ಥವಿದೆ: ಉದ್ದವಾದ ವಾಹನಕ್ಕೆ ವಿಸ್ತೀರ್ಣದಿಂದ ಉಪಯೋಗವಿಲ್ಲ, ತಿರುಗಲು ಅಡ್ಡಲಾಗಿಯೂ ಜಾಗ ಬೇಕು. ಅಗ್ನಿಶಾಮಕ ವಾಹನ ತಿರುಗಲು 9 ಮೀಟರ್ ತ್ರಿಜ್ಯ ಬೇಕೆಂದು ಎನ್‌ಬಿಸಿಯ ಅಗ್ನಿಸುರಕ್ಷೆಯ ಭಾಗದಲ್ಲೂ ಹೇಳಿದೆ. ಫೈರ್ ಬ್ರಿಗೇಡ್ ಗಾಡಿ ತಮ್ಮ ರಸ್ತೆಯ ಕೊನೆಯ ಮನೆಗೆ ಬಂದು, ಅಲ್ಲಿಂದ 240 ಮೀಟರ್ ದೂರವನ್ನು, ಎರಡೂ ಬದಿ ನಿಲ್ಲಿಸಿದ ಕಾರುಗಳ ನಡುವೆ, ರಾತ್ರಿಯಲ್ಲಿ, ಹಿಮ್ಮುಖವಾಗಿ ಕ್ರಮಿಸುವುದನ್ನು ಒಮ್ಮೆ ಊಹಿಸಿ ನೋಡಿ.

ಇನ್ನು ನೀರಿನ ವಿಷಯ. ಮುಚ್ಚಿದ ತುದಿ ಎತ್ತರದಲ್ಲಿರಬೇಕು ಎಂಬ ಷರತ್ತನ್ನು ಎಷ್ಟೋ ಜನ ಆರ್ಕಿಟೆಕ್ಟರೂ ಓದಿ ಮುಂದೆ ಹೋಗಿಬಿಡುತ್ತಾರೆ. ರಸ್ತೆ ಎಂದರೆ ಮಳೆಗಾಲದಲ್ಲಿ ಒಂದು ಕಾಲುವೆ. ಎರಡು ತುದಿ ತೆರೆದಿದ್ದರೆ ನೀರು ಹೇಗೋ ದಾರಿ ಹುಡುಕಿಕೊಳ್ಳುತ್ತದೆ. ಒಂದು ತುದಿ ಮುಚ್ಚಿ, ಆ ತುದಿಯೇ ತಗ್ಗಾಗಿದ್ದರೆ ಇಡೀ ರಸ್ತೆಯ ನೀರು ಕೊನೆಯ ಮನೆಯ ಗೇಟಿನ ಮುಂದೆ ಬಂದು ನಿಲ್ಲಲೇಬೇಕು. ಮೊಣಕಾಲುದ್ದ ನೀರು ನಿಲ್ಲುತ್ತದೆ ಎಂದರೆ ತಮ್ಮ ರಸ್ತೆ ಹೊರಗಿನಿಂದ ಒಳಕ್ಕೆ ಇಳಿಜಾರಾಗಿದೆ ಎಂದೇ ಅರ್ಥ. ಮಂಜೂರಾದ ನಕ್ಷೆಯಲ್ಲಿ ಮಟ್ಟದ ಗೆರೆಗಳಿದ್ದರೆ ಅವನ್ನು ಪರವಾನಗಿಯ ಷರತ್ತಿನೊಂದಿಗೆ ಹೋಲಿಸಿ ನೋಡಿ. ನಕ್ಷೆಯಲ್ಲಿ ತುದಿ ಎತ್ತರವಿದ್ದು, ಮಣ್ಣು ಕಡಿದು ಸಮ ಮಾಡುವಾಗ ತಗ್ಗಾಗಿದ್ದರೆ ತಪ್ಪು ಡೆವಲಪರನದು. ನಕ್ಷೆಯಲ್ಲೇ ತಗ್ಗಿದ್ದರೆ ಮಂಜೂರಾತಿಯನ್ನೇ ಪ್ರಶ್ನಿಸಬೇಕಾಗುತ್ತದೆ. ಅದು ದೊಡ್ಡ ಕೆಲಸ, ಹತ್ತಿಪ್ಪತ್ತು ಪ್ಲಾಟುದಾರರು ಒಟ್ಟಾಗದೆ ಕೈ ಹಾಕಬೇಡಿ.

ಮಾಡಬೇಕಾದ್ದು ಇಷ್ಟು. ಮೊದಲು ಮಂಜೂರಾತಿ ಪತ್ರ ಮತ್ತು ನಕ್ಷೆಯ ಪ್ರಮಾಣೀಕೃತ ಪ್ರತಿ ಪಡೆಯಿರಿ, ಬ್ರೋಶರಿನಲ್ಲಿರುವ ಬಣ್ಣದ ಚಿತ್ರವನ್ನು ನಂಬಬೇಡಿ. ಆಮೇಲೆ ಭೂಮಿ ಅಭಿಲೇಖ ಇಲಾಖೆಯ ಮೋಜಣಿ ಮಾಡಿಸಿ. ಯೋಜನೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದಲ್ಲಿ ನೋಂದಾಯಿತವಾಗಿದ್ದರೆ ತಮ್ಮ ಕೈಯಲ್ಲಿ ಒಂದು ಗಟ್ಟಿಯಾದ ಹಿಡಿತವಿದೆ: 2016ರ ರೇರಾ ಕಾಯ್ದೆಯ 14ನೆಯ ಕಲಮಿನಂತೆ ಮಂಜೂರಾದ ಲೇಔಟನ್ನೋ ಸಾಮಾನ್ಯ ಜಾಗಗಳನ್ನೋ ಬದಲಿಸಬೇಕಾದರೆ ಕನಿಷ್ಠ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಮುಂಚಿತವಾಗಿ ಬೇಕು. ತಾವು ಕೊಟ್ಟಿಲ್ಲವೆಂದರೆ ಬೇಲಿಗೆ ಆಧಾರವಿಲ್ಲ.

ಒಂದು ಮಾತು, ಸ್ವಲ್ಪ ಕಹಿಯೆನಿಸಬಹುದು. ಡೆವಲಪರನಿಂದ ಬಿಡಿಸಿಕೊಂಡ ತಿರುಗುವ ಜಾಗವನ್ನು ನಮ್ಮ ಸೊಸೈಟಿಗಳೇ ಮತ್ತೆ ತುಂಬಿಸಿಬಿಡುತ್ತವೆ. ಕೊಥ್ರೂಡಿನ ಒಂದು ಗಲ್ಲಿಯಲ್ಲಿ ಇಂಥ ಚೌಕದೊಳಗೆ ಒಂದು ತುಳಸಿಕಟ್ಟೆ, ಸಿಮೆಂಟಿನ ಎರಡು ಬೆಂಚು, ಮುಚ್ಚಿಗೆ ಹೊದಿಸಿದ ಮೂರು ಕಾರು, ಭಾದ್ರಪದ ಬಂದರೆ ಗಣಪತಿ ಮಂಟಪ, ಇಷ್ಟನ್ನೂ ನಾನು ನೋಡಿದ್ದೇನೆ. ಗ್ಯಾಸ್ ಸಿಲಿಂಡರಿನ ಟೆಂಪೋದವನು ಗಲ್ಲಿಯ ಬಾಯಲ್ಲೇ ನಿಂತು ಹಾರ್ನ್ ಹೊಡೆಯುತ್ತಾನೆ, ಒಳಗೆ ಬರುವುದಿಲ್ಲ. ಅವನು ನಿಯಮಾವಳಿ ಓದಿದವನಲ್ಲ, ಆದರೆ ಒಳಹೊಕ್ಕರೆ ತಿರುಗಲಾಗದು ಎಂಬುದು ಅವನಿಗೆ ಗೊತ್ತು.

ಪ್ರಶ್ನೆ: ಔಂಧ್ ಗಾವ್‌ಠಾಣದಲ್ಲಿ ನಮ್ಮ ಮಾವನವರ ಕಾಲದ ಮನೆ ಇದೆ. ಮುಂದಿನ ಗಲ್ಲಿ 3.2 ಮೀಟರ್ ಅಷ್ಟೇ. ಹೊಸದಾಗಿ ಕಟ್ಟಲು ಹೊರಟರೆ ಗಲ್ಲಿಗೆ ಜಾಗ ಬಿಡಬೇಕು ಎನ್ನುತ್ತಾರೆ. ಎದುರು ಮನೆಯವರು ಒಂದಿಂಚೂ ಬಿಟ್ಟಿಲ್ಲ. ನಾವೊಬ್ಬರೇ ಏಕೆ ಬಿಡಬೇಕು?

ಉತ್ತರ: ಹಳೆಯ ಊರಿನ ಗಲ್ಲಿಗಳಿಗೆ 9 ಮೀಟರಿನ ನಿಯಮ ಹೇರಿದರೆ ಗಾವ್‌ಠಾಣದ ಅರ್ಧ ಮನೆಗಳೇ ಉಳಿಯುವುದಿಲ್ಲ. ಆದ್ದರಿಂದ ದಟ್ಟಣೆಯ ಪ್ರದೇಶಕ್ಕೆ ಬೇರೆ ಲೆಕ್ಕ ಇಟ್ಟಿದ್ದಾರೆ: ಗಲ್ಲಿ 4.5 ಮೀಟರಿಗಿಂತ ಕಿರಿದಾಗಿದ್ದರೆ, ಅದರ ಮಧ್ಯರೇಖೆಯಿಂದ 2.25 ಮೀಟರ್ ದೂರಕ್ಕೆ ಪ್ಲಾಟಿನ ಗಡಿಯನ್ನು ಹಿಂದೆ ಸರಿಸಬೇಕು. ತಮ್ಮ ಗಲ್ಲಿಯ ಅರ್ಧ 1.6 ಮೀಟರ್, ಆದ್ದರಿಂದ ತಾವು ಬಿಡಬೇಕಾದದ್ದು 0.65 ಮೀಟರ್, ಅಂದರೆ ಎರಡು ಅಡಿಗಿಂತ ತುಸು ಹೆಚ್ಚು. ಎದುರಿನವರು ಬಿಡಬೇಕಾದದ್ದೂ ಅಷ್ಟೇ. ಆದರೆ ಅವರು ಮನೆ ಕೆಡವಿ ಕಟ್ಟಲು ಅರ್ಜಿ ಹಾಕಿದ ದಿನ ಅವರ ಸರದಿ ಬರುತ್ತದೆ. ಅಲ್ಲಿಯವರೆಗೆ ಗಲ್ಲಿ ತಮ್ಮ ಮನೆಯ ಮುಂದೆ ಮಾತ್ರ ಸ್ವಲ್ಪ ಅಗಲವಾಗಿ, ಹಲ್ಲು ಬಿದ್ದ ಬಾಯಿಯಂತೆ ಕಾಣುವುದು ನಿಜ.

ಎರಡು ಎಚ್ಚರಿಕೆಗಳಿವೆ. ಮಧ್ಯರೇಖೆ ಎಂದರೆ ಈಗಿನ ಗಟಾರದಿಂದ ಗಟಾರಕ್ಕೆ ಅಳೆದದ್ದಲ್ಲ, ಸಿಟಿ ಸರ್ವೆಯ ನಕ್ಷೆಯಲ್ಲಿರುವ ಗಲ್ಲಿಯದು. ಎದುರಿನವರು ಹಿಂದೆಂದೋ ಜಗಲಿಯನ್ನು ಮುಂದಕ್ಕೆ ಚಾಚಿ ಕಟ್ಟಿದ್ದರೆ, ಅಳತೆ ಮಾಡುವವನು ಅದನ್ನೇ ಗಡಿಯೆಂದು ಹಿಡಿದರೆ, ಅವರ ಅತಿಕ್ರಮಣದ ಭಾರ ತಮ್ಮ ಮೇಲೆ ಬೀಳುತ್ತದೆ. ಇನ್ನೊಂದು: ಬಿಟ್ಟ ಜಾಗ ನೆಲದಲ್ಲಿ ಮಾತ್ರವಲ್ಲ, ಮೇಲೆಯೂ ಖಾಲಿ ಇರಬೇಕು. ನೆಲದಲ್ಲಿ ಬಿಟ್ಟು ಮೊದಲ ಮಹಡಿಯಲ್ಲಿ ಬಾಲ್ಕನಿಯಿಂದ ಹಿಂಪಡೆಯುವ ಹಳೆಯ ಉಪಾಯ ನಡೆಯುವುದಿಲ್ಲ.

ಪ್ರಶ್ನೆ: ಕರ್ವೆನಗರದಲ್ಲಿ ನಮ್ಮದು ಹಳೆಯ ಸಹಕಾರಿ ಬಂಗಲೆ ಸೊಸೈಟಿ. ಒಳರಸ್ತೆ 6 ಮೀಟರ್. ಬಿಲ್ಡರುಗಳು ಬಂದು ರಸ್ತೆ 9 ಮೀಟರ್ ಆದರೆ ಮಾತ್ರ ಪುನರ್ವಿಕಾಸ ಲಾಭದಾಯಕ ಎನ್ನುತ್ತಾರೆ. ಮೂರು ಮೀಟರಿಗೆ ಇಷ್ಟೇಕೆ ಮಹತ್ವ? ನಮ್ಮ ಮನೆಯ ಮುಂದೆ ಒಂದೂವರೆ ಮೀಟರ್ ಬಿಟ್ಟುಕೊಟ್ಟರೆ ಆಯಿತೇ?

ಉತ್ತರ: ಮೂರು ಮೀಟರಿಗಲ್ಲ, ಎಫ್‌ಎಸ್‌ಐಗೆ, ಅಂದರೆ ಪ್ಲಾಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕಕ್ಕೆ ಮಹತ್ವ. ಯುಡಿಸಿಪಿಆರ್ ಪ್ರಕಾರ ದಟ್ಟಣೆಯಲ್ಲದ ಪ್ರದೇಶದಲ್ಲಿ 9 ಮೀಟರಿಗಿಂತ ಕಿರಿದಾದ ರಸ್ತೆಯ ಪ್ಲಾಟಿಗೆ ಮೂಲ ಎಫ್‌ಎಸ್‌ಐ 1.10 ಮಾತ್ರ, ಪ್ರೀಮಿಯಂ ಕೊಟ್ಟು ಕೊಳ್ಳುವುದೂ ಇಲ್ಲ, ಟಿಡಿಆರ್, ಅಂದರೆ ಬೇರೆ ಜಾಗದಿಂದ ಕೊಂಡುತಂದ ಕಟ್ಟುವ ಹಕ್ಕನ್ನು, ಹೇರುವುದೂ ಇಲ್ಲ. ಅದೇ ರಸ್ತೆ 9 ಮೀಟರ್ ಆಗಿ 12ಕ್ಕಿಂತ ಕಡಿಮೆ ಇದ್ದರೆ ಮೂಲ 1.10ರ ಮೇಲೆ ಪ್ರೀಮಿಯಂ 0.50, ಟಿಡಿಆರ್ 0.40 ಸೇರಿ 2.00. ತಮ್ಮ ಪ್ಲಾಟು 400 ಚದರ ಮೀಟರ್ ಎಂದುಕೊಳ್ಳೋಣ. ಮೊದಲನೆಯದರಲ್ಲಿ 440 ಚದರ ಮೀಟರ್, ಎರಡನೆಯದರಲ್ಲಿ 800. ಇವುಗಳ ಮೇಲೆ ಬರುವ ಪೂರಕ ಎಫ್‌ಎಸ್‌ಐ ಬೇರೆ. ಬಿಲ್ಡರ್ ತಮ್ಮ ಮನೆಗೆ ಮಿಠಾಯಿ ಡಬ್ಬಿ ತರುವುದು ಈ 360 ಚದರ ಮೀಟರಿಗಾಗಿ.

ಇದು ಇಂದಿನ ಕತೆಯಲ್ಲ. 2016ರ ಟಿಡಿಆರ್ ನೀತಿ 9 ಮೀಟರಿಗಿಂತ ಕಿರಿದಾದ ರಸ್ತೆಗಳಲ್ಲಿ ಟಿಡಿಆರ್ ಬಳಕೆಯನ್ನು ನಿಲ್ಲಿಸಿದಾಗ ಪುಣೆಯ ಹಳೆಯ ಸೊಸೈಟಿಗಳ ಪುನರ್ವಿಕಾಸ ಒಮ್ಮೆಲೇ ತಟಸ್ಥವಾಯಿತು. 2020ರಲ್ಲಿ ಪುಣೆ ಮಹಾನಗರಪಾಲಿಕೆ 6 ಮೀಟರಿನ 323 ರಸ್ತೆಗಳನ್ನು 9 ಮೀಟರಿಗೆ ಅಗಲಿಸುವ ಪ್ರಸ್ತಾವವನ್ನು ಕೈಗೆತ್ತಿಕೊಂಡಿತು. ಅದಕ್ಕೆ ಬಳಸಿದ್ದು ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ 210ನೆಯ ಕಲಮು, ಅಂದರೆ ರಸ್ತೆಯ ನಿಯತರೇಖೆಯನ್ನು (ರಸ್ತೆ ಎಲ್ಲಿಯವರೆಗೆ ಇರಬೇಕೆಂಬ ಗಡಿಯನ್ನು) ಗೊತ್ತುಪಡಿಸುವ ಅಧಿಕಾರ. ಕೆಲವೇ ರಸ್ತೆಗಳನ್ನು ಏಕೆ ಆರಿಸಿದಿರಿ ಎಂದು ಆಗ ದೊಡ್ಡ ವಾದವೇ ನಡೆಯಿತು, ವಾದದಲ್ಲಿ ಹುರುಳೂ ಇತ್ತು.

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಸಾಲದು. ತಮ್ಮ ಮನೆಯ ಮುಂದಿನ 20 ಮೀಟರ್ ಉದ್ದದಲ್ಲಿ ಒಂದೂವರೆ ಮೀಟರ್, ಅಂದರೆ 30 ಚದರ ಮೀಟರ್ ಬಿಟ್ಟುಕೊಟ್ಟರೆ ಅಲ್ಲಿ ಒಂದು ಉಬ್ಬು ಆಗುತ್ತದೆಯೇ ಹೊರತು ರಸ್ತೆ ಆಗುವುದಿಲ್ಲ. ನಿಯತರೇಖೆ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ, ಅಗಲವಾದ ಇನ್ನೊಂದು ರಸ್ತೆಯನ್ನು ಸೇರುವವರೆಗೆ ಗೊತ್ತಾಗಬೇಕು. ಸೊಸೈಟಿ ಒಟ್ಟಾಗಿ ಠರಾವು ಮಾಡಿ ಪಾಲಿಕೆಗೆ ಅರ್ಜಿ ಕೊಡುವುದೇ ದಾರಿ.

ಕೇಳದೆಯೂ ಒಂದು ಅಭಿಪ್ರಾಯ ಹೇಳುತ್ತೇನೆ. ರಸ್ತೆಯ ಅಗಲಕ್ಕೂ ಕಟ್ಟಡದ ಗಾತ್ರಕ್ಕೂ ಗಂಟು ಹಾಕಿದ್ದು ವಿವೇಕದ ಕೆಲಸ. ಹೆಚ್ಚು ಮನೆ, ಹೆಚ್ಚು ವಾಹನ, ಅದಕ್ಕೆ ತಕ್ಕ ರಸ್ತೆ. ಆದರೆ ನಿಯತರೇಖೆ ಕಾಗದದಲ್ಲಿ ಗೊತ್ತಾದ ಕೂಡಲೇ ಎಫ್‌ಎಸ್‌ಐ ಸಿಗುತ್ತದೆ, ಡಾಂಬರು ಮಾತ್ರ ಕೊನೆಯ ಬಂಗಲೆ ಕೆಡವುವವರೆಗೆ 6 ಮೀಟರಿನಲ್ಲೇ ಉಳಿಯುತ್ತದೆ. ನಡುವಿನ ಹತ್ತು ಹದಿನೈದು ವರ್ಷ, ಮೊದಲು ಎದ್ದ ಕಟ್ಟಡಗಳ ಕಾರುಗಳೆಲ್ಲ ಹಳೆಯ ಗಲ್ಲಿಯಲ್ಲೇ ಓಡಾಡಬೇಕು. ಬಂಗಲೆಯನ್ನು ಉಳಿಸಿಕೊಂಡ ಅಜ್ಜ-ಅಜ್ಜಿಯರಿಗೆ ಆ ವರ್ಷಗಳು ಸುಖದವಲ್ಲ. ಠರಾವು ಮಾಡುವಾಗ ಅವರನ್ನು ಸಭೆಗೆ ಕರೆಯಿರಿ, ಸಹಿಗಾಗಿ ಮಾತ್ರ ಹುಡುಕಿಕೊಂಡು ಹೋಗಬೇಡಿ.

ಪ್ರಶ್ನೆ: ಗೋರೆಗಾಂವದ ನಮ್ಮ ಕಟ್ಟಡದ ಮುಂದಿನ ರಸ್ತೆ 7.5 ಮೀಟರ್. ಪುನರ್ವಿಕಾಸಕ್ಕೆ ಬಂದ ಸಲಹೆಗಾರರು, ಹಾರ್ಡ್‌ಶಿಪ್ ಎಂದು ತೋರಿಸಿ ಕಮಿಷನರ ವಿಶೇಷಾಧಿಕಾರದಲ್ಲಿ ಎಲ್ಲವನ್ನೂ ಮಾಫಿ ಮಾಡಿಸುತ್ತೇನೆ ಎನ್ನುತ್ತಾರೆ. ಹಾಗೆ ಮಾಡಲು ಸಾಧ್ಯವೇ?

ಉತ್ತರ: 'ಎಲ್ಲವನ್ನೂ' ಎಂಬ ಮಾತನ್ನು ಅವರಿಂದ ಬರೆಸಿಕೊಳ್ಳಿ ನೋಡೋಣ. ಬರೆದುಕೊಡುವುದಿಲ್ಲ.

ಅಧಿಕಾರ ಇರುವುದು ನಿಜ. ಹಿಂದೆ 1991ರ ನಿಯಮಾವಳಿಯಲ್ಲಿ 64(ಬಿ) ಎಂದು ಪ್ರಸಿದ್ಧವಾಗಿದ್ದದ್ದು ಈಗ ಡಿಸಿಪಿಆರ್ 2034ರಲ್ಲಿ 6ನೆಯ ನಿಯಮವಾಗಿದೆ. ಸ್ಪಷ್ಟವಾಗಿ ತೋರಿಸಬಲ್ಲ ತೊಂದರೆ ಇದ್ದಾಗ, ಕಾರಣಗಳನ್ನು ಬರಹದಲ್ಲಿ ದಾಖಲಿಸಿ, ನಿಯಮದಲ್ಲಿ ಹೇಳಿದ ಅಳತೆಗಳನ್ನು ಸಡಿಲಿಸಲು ಕಮಿಷನರರಿಗೆ ಅವಕಾಶವಿದೆ. ಆದರೆ ಅದೇ ವಾಕ್ಯದಲ್ಲಿ ಎರಡು ಬೇಲಿಗಳೂ ಇವೆ. ನಿಯಮಾವಳಿಯೇ ಬೇರೆ ಕಡೆ ಅವಕಾಶ ಕೊಟ್ಟಿದ್ದರ ಹೊರತು ಎಫ್‌ಎಸ್‌ಐಯನ್ನು ಮುಟ್ಟುವಂತಿಲ್ಲ. ಮತ್ತು ಸಡಿಲಿಕೆಯಿಂದ ಕಟ್ಟಡದಲ್ಲಿ ಇರುವವರ, ನೆರೆಹೊರೆಯವರ ಆರೋಗ್ಯ, ಅಗ್ನಿಸುರಕ್ಷೆ, ಕಟ್ಟಡದ ಭದ್ರತೆಗೆ ಧಕ್ಕೆ ಬರುವಂತಿಲ್ಲ. ಮುಂಬಯಿಯಲ್ಲಿ ಈ ದಾರಿಯಿಂದ ಹೆಚ್ಚಾಗಿ ಸಿಗುವುದು ಕಟ್ಟಡದ ಸುತ್ತಣ ತೆರೆದ ಜಾಗದಲ್ಲಿ ಕೊರತೆ ಬಿದ್ದರೆ ಪ್ರೀಮಿಯಂ ಕಟ್ಟಿಸಿಕೊಂಡು ಕೊಡುವ ರಿಯಾಯಿತಿ. 7.5 ಮೀಟರಿನ ರಸ್ತೆಯನ್ನು 9 ಮೀಟರ್ ಎಂದು ಭಾವಿಸಿ ಸಾಮಾನ್ಯ ನಿಯಮದಡಿ ಹೆಚ್ಚುವರಿ ಎಫ್‌ಎಸ್‌ಐ ಕೊಡಿಸುವ ಶಕ್ತಿ ಅದಕ್ಕಿಲ್ಲ. ಅಗಲವೇ ಬೇಕಿದ್ದರೆ 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 297ನೆಯ ಕಲಮಿನಡಿ ನಿಯತರೇಖೆ ಗೊತ್ತಾಗಬೇಕು, ಅದು ಬೇರೆಯೇ ಪ್ರಕ್ರಿಯೆ.

ತೊಂದರೆ ಎಂದರೇನು ಎಂಬುದರಲ್ಲೇ ಎಲ್ಲ ಅಡಗಿದೆ. ಪ್ಲಾಟು ತ್ರಿಕೋನಾಕಾರ, ಹಿಂದೆ ರೈಲ್ವೆ ಗೋಡೆ, ನಡುವೆ ಹಳೆಯ ನಾಲಾ: ಇವು ಜಾಗದ ತೊಂದರೆಗಳು. ಇಷ್ಟು ಫ್ಲ್ಯಾಟು ಕಟ್ಟದಿದ್ದರೆ ಯೋಜನೆಗೆ ಲಾಭವಿಲ್ಲ ಎಂಬುದು ಬಿಲ್ಡರನ ತೊಂದರೆ. ಕಡತಗಳಲ್ಲಿ ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾರಣವನ್ನು ಬರಹದಲ್ಲಿ ದಾಖಲಿಸಬೇಕು ಎಂಬ ಷರತ್ತು ಇರುವುದೇ ಈ ವೇಷ ಕಳಚಲೆಂದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಆ ಟಿಪ್ಪಣಿಯ ಪ್ರತಿಯನ್ನು ತಾವು ಕೇಳಿ ಪಡೆಯಬಹುದು.

ಎತ್ತರದ ಬಗ್ಗೆಯೂ ಒಂದು ಮಾತು. ಎತ್ತರದ ಕಟ್ಟಡ ನಿಲ್ಲುವ ರಸ್ತೆ 12 ಮೀಟರಿಗೆ ಕಡಿಮೆ ಇರಬಾರದು, ಅದರ ಒಂದು ತುದಿ 12 ಮೀಟರಿಗೆ ಕಡಿಮೆಯಿಲ್ಲದ ಇನ್ನೊಂದು ರಸ್ತೆಯನ್ನು ಸೇರಬೇಕು, ರಸ್ತೆ ಡೆಡ್ ಎಂಡ್ ಆಗಿರಬಾರದು ಎಂದು ಎನ್‌ಬಿಸಿಯ ಅಗ್ನಿಸುರಕ್ಷೆಯ ಭಾಗ ಹೇಳುತ್ತದೆ. ಡೆಡ್ ಎಂಡಿನ ಮಾತಿಗೆ ಅಲ್ಲೇ ಒಂದು ವಿನಾಯಿತಿಯೂ ಇದೆ: 30 ಮೀಟರ್ ಎತ್ತರದವರೆಗಿನ ವಸತಿ ಕಟ್ಟಡ. ತಮ್ಮ ಸಲಹೆಗಾರರ ನಕ್ಷೆಯಲ್ಲಿ ಎಷ್ಟು ಮಹಡಿ ಇವೆ ಎಂದು ತಾವು ಬರೆದಿಲ್ಲ, ಎಣಿಸಿ ನೋಡಿ.

ಪ್ರಶ್ನೆ: ಮಗಳು ಅಮೆರಿಕದ ಓರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರದ ಹಿಲ್ಸ್‌ಬರೊದಲ್ಲಿದ್ದಾಳೆ. ಅವರ ಬಡಾವಣೆಯಲ್ಲಿ ಮುಚ್ಚಿದ ರಸ್ತೆಯ ಕೊನೆಯಲ್ಲಿ ಎರಡು ಮನೆಗಳ ನಡುವೆ ಕಾಲುದಾರಿ ಬಿಟ್ಟಿದ್ದಾರೆ. ಅದರಿಂದ ಹಿಂದಿನ ಬೀದಿಗೆ ನಡೆದು ಹೋಗಬಹುದು. ಪುಣೆಯಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ಅಲ್ಲಿ ಅದು ಕಡ್ಡಾಯವೇ?

ಉತ್ತರ: ಆ ಭಾಗದ ನಗರಗಳಿಗೆಲ್ಲ ಸೇರಿ ಮೆಟ್ರೊ ಎಂಬ ಪ್ರಾದೇಶಿಕ ಆಡಳಿತವಿದೆ. ಹೊಸ ಬಡಾವಣೆಗಳಲ್ಲಿ ಪೂರ್ಣ ರಸ್ತೆಗಳು 530 ಅಡಿಗೆ, ಅಂದರೆ ಸುಮಾರು 160 ಮೀಟರಿಗೆ ಒಂದರಂತೆ ಒಂದನ್ನೊಂದು ಸೇರಬೇಕು ಎಂಬುದು ಅದರ ನಿಯಮ. ವಿನಾಯಿತಿಗೆ ಒಪ್ಪುವ ಕಾರಣಗಳೂ ಅಲ್ಲೇ ಇವೆ: ಗುಡ್ಡ-ತಗ್ಗಿನ ನೆಲ, ರೈಲು ಹಳಿ, ಹೆದ್ದಾರಿ, ಹೊಳೆ-ತೊರೆ, ಮೊದಲೇ ಎದ್ದಿರುವ ಕಟ್ಟಡಗಳು. ಮಾಲೀಕನ ಲಾಭನಷ್ಟದ ಪ್ರಸ್ತಾಪ ಆ ಪಟ್ಟಿಯಲ್ಲಿಲ್ಲ. ಇಂಥ ಅಡ್ಡಿಗಳಿಂದ ರಸ್ತೆ ಮುಚ್ಚಲೇಬೇಕಾದರೆ ಅದರ ಉದ್ದ 200 ಅಡಿ, ಮನೆಗಳು 25, ಅದಕ್ಕಿಂತ ಹೆಚ್ಚಿಲ್ಲ. ಕಾರಿಗೆ ದಾರಿ ಇಲ್ಲದ ಕಡೆಯೂ ಕಾಲ್ನಡಿಗೆಯವರಿಗೆ, ಸೈಕಲಿನವರಿಗೆ 330 ಅಡಿಗೊಂದು ದಾರಿ ಇರಬೇಕು. ತಾವು ಕಂಡ ಓಣಿ ಅಂಥದ್ದೇ ಇರಬೇಕು.

ನಮ್ಮ 275 ಮೀಟರಿನ ಪಕ್ಕದಲ್ಲಿ ಅವರ 200 ಅಡಿಯನ್ನು, ಅಂದರೆ ಸುಮಾರು 61 ಮೀಟರನ್ನು ಇಟ್ಟು ನೋಡಿದರೆ ಎರಡು ಕಡೆಯ ಯೋಚನೆ ಎಷ್ಟು ಬೇರೆ ಎಂದು ತಿಳಿಯುತ್ತದೆ. ಡೆಡ್ ಎಂಡ್ ಬೀದಿಯನ್ನು ಬಡಾವಣೆಯ ಭೂಷಣವೆಂದು ಬೆಳೆಸಿದ ದೇಶವೂ ಅದೇ. ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಬಡಾವಣೆ 1929ರಲ್ಲಿ ಅಂಥ ಬೀದಿಗಳಿಂದಲೇ ಹೆಸರಾಯಿತು. ಅಲ್ಲಿಯೂ ಮನೆಗಳ ಹಿಂದೆ ನಡೆಯುವವರಿಗೆ ಬೇರೆ ದಾರಿ ಇತ್ತು ಎಂಬುದನ್ನು ಮುಂದೆ ನಕಲು ಮಾಡಿದವರು ಕೈಬಿಟ್ಟರು. ನಮ್ಮ ನಿಯಮ ವಾಹನ ತಿರುಗಿಸುವ ಜಾಗವನ್ನು ಸೆಂಟಿಮೀಟರ್ ಬಿಡದೆ ಕೇಳುತ್ತದೆ, ಆದರೆ ಕೊನೆಯ ಮನೆಯ ಹುಡುಗ ಹಿಂದಿನ ಬೀದಿಯ ಶಾಲೆಗೆ ಅರ್ಧ ಕಿಲೋಮೀಟರ್ ಸುತ್ತಿ ಹೋಗುವುದು ನಕ್ಷೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥ ಓಣಿಯನ್ನು ಬಿಟ್ಟ ಒಂದೆರಡು ಹಳೆಯ ಸೊಸೈಟಿಗಳು ಪುಣೆಯಲ್ಲೂ ಇವೆ, ಆದರೆ ಕಳ್ಳರ ಭಯ ಹೇಳಿ ಗೇಟಿಗೆ ಬೀಗ ಜಡಿದಿದ್ದಾರೆ.

ಪ್ರಶ್ನೆ: ಲೋಹಗಾಂವ ಕಡೆ ಎರಡು ಗುಂಠೆ ಜಾಗ ಕೊಂಡಿದ್ದೇನೆ. ಲೇಔಟ್ ಮಂಜೂರಾಗಿಲ್ಲ, ದಾರಿ ನಾಲ್ಕು ಮೀಟರ್ ಇರಬಹುದು. ಗುಂಠೇವಾರಿಯಲ್ಲಿ ಸಕ್ರಮ ಮಾಡಿಸಿದರೆ ರಸ್ತೆಯ ತೊಡಕೂ ಮುಗಿಯುತ್ತದೆ ಎಂದು ಏಜೆಂಟ್ ಹೇಳುತ್ತಾನೆ.

ಉತ್ತರ: ಗುಂಠೆ ನಮ್ಮ ಗುಂಟೆಯೇ, ಎಕರೆಗೆ ನಲವತ್ತು, ಒಂದಕ್ಕೆ 1089 ಚದರ ಅಡಿ. ಹೊಲವನ್ನು ಹೀಗೆ ಒಂದೆರಡು ಗುಂಠೆಗಳಾಗಿ ಹರಿದು ಮಾರಿದ ಬಡಾವಣೆಗಳನ್ನು ಸಕ್ರಮಗೊಳಿಸಲು ಮಹಾರಾಷ್ಟ್ರದಲ್ಲಿ 2001ರ ಕಾಯ್ದೆ ಇದೆ. ಅದರ ಗಡುವನ್ನು 2021ರ ತಿದ್ದುಪಡಿ 2020ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ತಮ್ಮ ಖರೀದಿ ಆ ದಿನದ ನಂತರದ್ದಾಗಿದ್ದರೆ ಮೊದಲು ಅದು ಯಾವಾಗ ತುಂಡಾದ ಜಮೀನು ಎಂದು ಸಾತ್‌ಬಾರಾ ಉತಾರದಲ್ಲಿ, ಅಂದರೆ ನಮ್ಮ ಪಹಣಿಯಂಥ ದಾಖಲೆಯಲ್ಲಿ, ನೋಡಿಸಿ. ಸಕ್ರಮವಾದರೂ ಆಗುವುದು ಪ್ಲಾಟು ಮಾತ್ರ. ನಾಲ್ಕು ಮೀಟರಿನ ದಾರಿ ನಾಲ್ಕೇ ಮೀಟರಾಗಿ ಉಳಿಯುತ್ತದೆ, ಮುಂದೆ ಕಟ್ಟುವಾಗ ಆ ಅಗಲಕ್ಕೆ ತಕ್ಕಷ್ಟೇ ಕಟ್ಟಲು ಸಿಗುತ್ತದೆ. ಏಜೆಂಟನಿಗೆ ಮುಂಗಡ ಕೊಟ್ಟಿಲ್ಲವೆಂದರೆ ಕೊಡಬೇಡಿ.

ಪ್ರಶ್ನೆ: ಬಾಣೇರಿನ ನಮ್ಮ ರಸ್ತೆಯ ಒಂದು ಬದಿಗೆ ಮಾತ್ರ ಮನೆಗಳಿವೆ, ಇನ್ನೊಂದು ಬದಿಗೆ ನಾಲಾ. ಒಂದೇ ಬದಿ ಇದ್ದರೆ ಅಗಲದಲ್ಲಿ ಒಂದು ಮೀಟರ್ ಕಡಿಮೆ ಮಾಡಬಹುದು ಎಂದು ಕೇಳಿದ್ದೇನೆ. ಹೌದೇ?

ಉತ್ತರ: ಒಂದೇ ಬದಿಗೆ ಅಭಿವೃದ್ಧಿ ಇದ್ದಲ್ಲಿ ಹೇಳಿದ ಅಗಲವನ್ನು 1 ಮೀಟರ್ ಇಳಿಸಬಹುದು ಎಂದು ಎನ್‌ಬಿಸಿಯ ಕೋಷ್ಟಕದ ಕೆಳಗೆ ಟಿಪ್ಪಣಿ ಇದೆ. ಆರಂಭದಲ್ಲೇ ಹೇಳಿದಂತೆ ಅದು ಮಾದರಿ ಮಾತ್ರ. ತಮ್ಮ ಲೇಔಟಿನ ಮಂಜೂರಾತಿ ಪತ್ರದಲ್ಲಿ ಆ ಇಳಿಕೆಯನ್ನು ಬರೆದು ಕೊಟ್ಟಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಪತ್ರ ನೋಡುವಾಗ ನಾಲೆಯ ಮೇಲೆ ಚಪ್ಪಡಿ ಹಾಸುವ ಪ್ರಸ್ತಾವವೇನಾದರೂ ಪಾಲಿಕೆಯಲ್ಲಿ ಇದೆಯೇ ಎಂದೂ ವಿಚಾರಿಸಿ. ಚಪ್ಪಡಿ ಬಿದ್ದ ಮೇಲೆ ಆಚೆ ದಡದ ಪ್ಲಾಟುಗಳ ಗೇಟುಗಳು ತಮ್ಮ ರಸ್ತೆಗೇ ತೆರೆದುಕೊಳ್ಳುತ್ತವೆ.